ಯಾರೂ ಏಳದ ರಾಜಶಾಲೆ

ಲೆಕ್ಕದ ಮೇಷ್ಟ್ರುಗಳು ಇನ್ನೂ ಹುಟ್ಟಿರದ ಒಳ್ಳೆಯ ಕಾಲ. ಜೇನುಗಿರಿ ಅಂತ ಒಂದು ರಾಜ್ಯ. ಅದರ ಗಡಿಯಲ್ಲಿ ರಾಜರ ಮಕ್ಕಳಿಗೆ ಮಾತ್ರ ಅಂತ ಕಟ್ಟಿಸಿದ ಒಂದು ಶಾಲೆ. ಚಾಪೆಯಿಲ್ಲ, ಮಣೆಯಿಲ್ಲ, ಒಬ್ಬೊಬ್ಬರಿಗೂ ಒಂದೊಂದು ಪುಟ್ಟ ಸಿಂಹಾಸನ. ಕಟ್ಟಿಸಿದವನು ಕರಾಳಕ ಅನ್ನುವ ಮಾಂತ್ರಿಕ. ಮೇಷ್ಟ್ರೂ ಅವನೇ. ಸುತ್ತಲಿನ ರಾಜ್ಯಗಳಿಗೆ ವಾರಸುದಾರರೇ ಇಲ್ಲದ ಹಾಗೆ ಮಾಡಿ, ಎಲ್ಲವನ್ನೂ ತಾನೇ ನುಂಗಬೇಕು ಅಂತ ಅವನ ಆಸೆ.

ಆ ಶಾಲೆಗೆ ಹೋದ ರಾಜಕುಮಾರರು ಹೋದರು, ಅಷ್ಟೇ. ಯಾರೂ ವಾಪಸು ಬರಲಿಲ್ಲ. ಜೇನುಗಿರಿಯ ದೊಡ್ಡ ಕುಮಾರ ಕೇತುಗ ಹೋದ. ಅವನೂ ಬರಲಿಲ್ಲ. ತಮ್ಮ ನನ್ನಿಗನಿಗೆ ಅನ್ನ ಸೇರದಾಯಿತು. ಮೊದಲೇ ಅವನು ಕೂತಲ್ಲಿ ಕೂರುವ ಪ್ರಾಣಿಯಲ್ಲ, ಊಟದ ಮಧ್ಯೆಯೂ ಎದ್ದು ಓಡುವವನು. ತಾಯಿ ಬೇಡ ಬೇಡ ಅನ್ನುತ್ತಿರುವಾಗಲೇ, ಅಣ್ಣನನ್ನು ಕರಕೊಂಡೇ ಬರುತ್ತೇನೆ ಅಂತ ಹೊರಟುಬಿಟ್ಟ.

ಶಾಲೆಯ ಹೆಬ್ಬಾಗಿಲಲ್ಲಿ ಮಾತಾಡುವ ಹುಲಿ. ಏಳು ತಲೆಮಾರಿನ ಹೆಸರು ಹೇಳು ಅಂದಿತು. ನನ್ನಿಗನಿಗೆ ಗೊತ್ತಿದ್ದದ್ದು ಅಜ್ಜನವರೆಗೆ. ಆಮೇಲೆ ಅಜ್ಜನ ಹೆಸರನ್ನೇ ಮತ್ತೆ ಮತ್ತೆ ಹೇಳಿದ. ಹುಲಿ ಆಕಳಿಸಿ ಒಳಗೆ ಬಿಟ್ಟಿತು. ಜಗಲಿಯಲ್ಲಿ ಚಿನ್ನದ ಗಿಳಿ. ಅದಕ್ಕೆ ಬಿರುದು ಬೇಕಂತೆ. ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು 'ಅಧ್ವಾನರಾಯ' ಅಂತ, ಅದನ್ನೇ ಹೇಳಿದ. ಏನೋ ಘನವಾದದ್ದೇ ಇರಬೇಕು ಅಂತ ಗಿಳಿ ಬಗ್ಗಿ ನಮಸ್ಕಾರ ಮಾಡಿತು.

ಒಳಗೆ ನೋಡಿದರೆ ಅಯ್ಯೋ ಪಾಪ. ಕೂತ ಕುಮಾರರೆಲ್ಲ ಪಾದದಿಂದ ಮೇಲಕ್ಕೆ ಮರವಾಗುತ್ತಿದ್ದರು. ಕೇತುಗ ಸೊಂಟದವರೆಗೆ ಮರ. ಕರಾಳಕ ನನ್ನಿಗನನ್ನು ಹಿಡಿದು ಅಣ್ಣನ ಪಕ್ಕದ ಸಿಂಹಾಸನದಲ್ಲಿ ಕುಕ್ಕಿ ಕೂರಿಸಿದ.

ಸಂಜೆ ಬಾಗಿಲು ಹಾರುಹೊಡೆದು ತೆರೆಯಿತು. ಕರಾಳಕ ಜೇನು ಸುರಿಸುವ ದನಿಯಲ್ಲಿ ಹೇಳಿದ: "ಕುಮಾರರೇ, ಪಾಠ ಮುಗಿಯಿತು. ನಿಮ್ಮಲ್ಲಿ ಎಲ್ಲರಿಗಿಂತ ಕೀಳು ಯಾರೋ ಅವರು ಮೊದಲು ಏಳಲಿ. ಆಮೇಲೆ ಎಲ್ಲರೂ ಮನೆಗೆ ಹೋಗಬಹುದು."

ಯಾರೂ ಏಳಲಿಲ್ಲ. ಅವನು ಇವನ ಮುಖ ನೋಡಿದ, ಇವನು ಅವನ ಮುಖ ನೋಡಿದ. ಅದೇ ಆ ಶಾಲೆಯ ಮಾಟ. ನನ್ನಿಗ ಏಳಹೋದರೆ ಕೇತುಗ ಕೈ ಹಿಡಿದು ಜಗ್ಗಿದ. "ಎದ್ದರೆ ಜೇನುಗಿರಿಯ ಮಾನ ಹೋಗುತ್ತೆ ಕಣೋ. ಕೂತ್ಕೋ."

ಕೂತ. ಬೆನ್ನು ತುರಿಸಿತು, ತೊಡೆ ಜೋಮು ಹಿಡಿಯಿತು. ಕೂತಲ್ಲೇ ಒದ್ದಾಡುತ್ತಿದ್ದದ್ದಕ್ಕೆ ಅವನ ಕಾಲಿಗೆ ಮಾತ್ರ ಮರ ಹತ್ತಲಿಲ್ಲ. ಮರುದಿನ ಮರ ಅಣ್ಣನ ಎದೆಗೆ ಬಂತು. ಸಂಜೆ ನನ್ನಿಗ ಅರ್ಧ ಎದ್ದ. ಕುಮಾರರೆಲ್ಲ ಕಿಸಕ್ಕನೆ ನಕ್ಕರು. ನಾಚಿಕೆಯಾಗಿ ಮತ್ತೆ ಕೂತ.

ಮೂರನೆಯ ಸಂಜೆ ಅಣ್ಣನ ಗಂಟಲು ಮರವಾಗಿ, ತುಟಿಗೂ ತೊಗಟೆ ಹತ್ತುತ್ತಿತ್ತು. ಅದನ್ನು ನೋಡಿ ನನ್ನಿಗನಿಗೆ ಅಳು ಬಂತು. ಅಳುವಿನ ಜೊತೆಗೆ ಇನ್ನೊಂದೂ ಬಂತು. ಕಿರುಬೆರಳು ಎತ್ತಿದ.

"ಮೇಷ್ಟ್ರೇ, ಒಂದಕ್ಕೆ."

"ಎಲ್ಲರಿಗಿಂತ ಕೀಳಾದವನು ಮಾತ್ರ ಏಳಬಹುದು," ಅಂದ ಕರಾಳಕ.

"ಆಯ್ತು, ನಾನೇ ಕೀಳು. ನಮ್ಮಣ್ಣನಿಗಿಂತಲೂ ಕೀಳು, ಆ ಹುಲಿಗಿಂತಲೂ ಕೀಳು. ಬಿಡಿ ಮೊದಲು, ಇಲ್ಲೇ ಆಗಿಬಿಡುತ್ತೆ."

ಹಾಗೆಂದವನೇ ಎದ್ದು ಓಡಿದ. ಎಲ್ಲರ ಮೈಯಿಂದ ತೊಗಟೆ ಚಟಚಟ ಉದುರಿತು. ಅಷ್ಟು ದಿನ ಬಿಗಿಹಿಡಿದು ಕೂತಿದ್ದ ಕುಮಾರರಿಗೂ ಆಗಲೇ ನೆನಪಾಯಿತು. ಏಳು ತಲೆಮಾರು, ಬಿರುದುಬಾವಲಿ ಒಂದನ್ನೂ ನೋಡದೆ ಬೇಲಿಯ ಕಡೆಗೆ ದೌಡಾಯಿಸಿದರು. ಎಲ್ಲರಿಗಿಂತ ಮುಂದೆ ಕೇತುಗ.

ಕರಾಳಕ ಸಿಟ್ಟಿನಿಂದ ಎಲ್ಲಕ್ಕಿಂತ ಎತ್ತರದ ಸಿಂಹಾಸನ ಹತ್ತಿ ಕೂತು, ವಾಪಸು ಬನ್ನಿ ಅಂತ ಅಪ್ಪಣೆ ಮಾಡಿದ. ಯಾರು ಬರುತ್ತಾರೆ? ಅವನ ಕಾಲೇ ಮರವಾಗತೊಡಗಿತು. ಏಳಬೇಕಾದರೆ ಕೋಣೆಯಲ್ಲಿ ಎಲ್ಲರಿಗಿಂತ ಕೀಳಾದವನು ಮೊದಲು ಏಳಬೇಕು. ಕೋಣೆಯಲ್ಲಿದ್ದವನು ಅವನೊಬ್ಬನೇ.

ಅಣ್ಣ ತಮ್ಮ ಮನೆ ಸೇರಿದರು. ತಾಯಿ ಹೋಳಿಗೆ ಬಡಿಸಿದಳು. ಶಾಲೆಯ ಬಾಗಿಲು ಊರಿನ ಎಲ್ಲ ಮಕ್ಕಳಿಗೂ ತೆರೆಯಿತು, ಎಲ್ಲರೂ ಸುಖವಾಗಿದ್ದರು. ಕರಾಳಕ ಮಾತ್ರ, ತನಗಿಂತ ಕೀಳಾದವನು ಬರಲಿ ಅಂತ ಕಾಯುತ್ತ ಇನ್ನೂ ಅಲ್ಲೇ ಕೂತಿದ್ದಾನೆ. ಮಕ್ಕಳು ಅವನ ಮೂಗಿಗೆ ಚೀಲ ನೇತುಹಾಕುತ್ತಾರೆ.