ಕಪ್ಪತಗುಡ್ಡದ ಮೋಡದೊಳಗಿನ ಸದ್ದು

ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಕಾಯುವುದು ನನ್ನ ಕೆಲಸ. ಹೋದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಗುಡ್ಡದ ಮೇಲೆ ಮೋಡ ಇಳಿದಿತ್ತು. ಅದರೊಳಗೆ ಸಣ್ಣ ವಿಮಾನವೊಂದು ಸುತ್ತುವ ಸದ್ದು ಕೇಳಿತು.

ಔಷಧಿ ಬೇರು ಹುಡುಕಲು ಬಂದಿದ್ದ ಫಕ್ಕೀರವ್ವ, "ತಮ್ಮಾ, ಪಾಪ ಅವಗ ದಾರಿ ಕಾಣವಲ್ದು" ಎಂದಳು. ಅಷ್ಟರಲ್ಲೇ ಕಣಿವೆಯಲ್ಲಿ ಏನೋ ಅಪ್ಪಳಿಸಿತು.

ಓಡಿ ಇಳಿದೆವು. ವಿಮಾನ ಮುರಿದು ಬಿದ್ದಿತ್ತು. ಪೈಲಟ್‌ನ ಕೈ ಹಿಡಿದು ನೋಡಿದೆ, ಜೀವ ಇರಲಿಲ್ಲ. ಬಿದ್ದು ಹತ್ತು ನಿಮಿಷವೂ ಆಗಿರಲಿಲ್ಲ, ಆದರೆ ಎಂಜಿನ್ ಬಾವಿಯ ಕಲ್ಲಿನಂತೆ ತಣ್ಣಗಿತ್ತು. ತಲೆಯ ಮೇಲೆ ಮೋಡದಲ್ಲಿ ಅದೇ ಸದ್ದು ಇನ್ನೂ ಸುತ್ತುತ್ತಿತ್ತು.

"ಇನ್ನೊಂದು ಐತೇನೋ?" ಎಂದು ಫಕ್ಕೀರವ್ವ ನನ್ನ ತೋಳು ಹಿಡಿದಳು.

ಆ ಪೈಲಟ್ ಮೋಡದಲ್ಲಿ ಹಾರುವುದನ್ನು ಕಲಿತಿರಲಿಲ್ಲವಂತೆ. ಅಂದು ಈ ಕಡೆ ಹಾರಿದ್ದು ಅದೊಂದೇ ವಿಮಾನ ಎಂದು ತನಿಖೆಗೆ ಬಂದವರು ಹೇಳಿದರು. ಮೋಡ ಕರಗುವವರೆಗೂ, ಮೂರು ತಾಸು, ನಾವಿಬ್ಬರೂ ಆ ಸದ್ದು ಕೇಳಿದ್ದೇವೆ.