ಅಣ್ಣ ಆರಿಸಿದ ವಾಚು

'ನಾನಿದ್ದೀನಲ್ಲ.' ಈ ಒಂದು ಮಾತಿಗಾಗಿ ಮನುಷ್ಯನನ್ನು ಕೊಲ್ಲಬಹುದೇ ಎಂದು ಯಾರಾದರೂ ಕೇಳಿದ್ದರೆ, ಅವನು ಶಾಂತವಾಗಿಯೇ ಹೌದು ಎನ್ನುತ್ತಿದ್ದ. ಹತ್ತೊಂಬತ್ತು ವರ್ಷ ಅದನ್ನು ಅಣ್ಣನ ಬಾಯಿಂದ ಕೇಳಿದ್ದ. ಲಿಫ್ಟ್ ರಿಪೇರಿಯ ಲೈಸೆನ್ಸ್ ಪರೀಕ್ಷೆಗೆ ಅರ್ಜಿ ತುಂಬಿ ತಂದಾಗ ಅಣ್ಣ ಅದನ್ನು ನಾಲ್ಕಾಗಿ ಮಡಚಿ, "ನಿಂಗ್ಯಾಕೋ ಆ ತಲೆನೋವು? ನಾನಿದ್ದೀನಲ್ಲ" ಎಂದಿದ್ದ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿಯ ಮನೆಗೆ ಇವನ ಮದುವೆ ಮಾತಾಡಲು ಹೋದವನೂ ಅಣ್ಣನೇ. ಹಿಂತಿರುಗಿ ಬಂದು, ಇನ್ನೂ ಚಪ್ಪಲಿ ಬಿಡುತ್ತಿರುವಾಗಲೇ, "ಆ ಮನೆ ನಮಗೆ ಸರಿಹೋಗಲ್ಲ ಬಿಡು" ಎಂದು ಮುಗಿಸಿದ್ದ. ಯಾಕೆ ಎಂದು ಇವನು ಕೇಳಲಿಲ್ಲ. ಕೇಳುವ ಅಭ್ಯಾಸವೇ ಅವನಿಗೆ ಇರಲಿಲ್ಲ.

ಕೆಲಸದ ಕಡೆ ಎಲ್ಲರೂ ಅವನನ್ನು ಬಾಲ ಎಂದೇ ಕರೆಯುತ್ತಿದ್ದರು. "ಮೇಸ್ತ್ರಿ ಬಂದ್ರು, ಹಿಂದೇನೇ ಬಾಲಾನೂ ಬಂತು." ಅಣ್ಣ ನಗುತ್ತ ಅವನ ಬೆನ್ನು ತಟ್ಟುತ್ತಿದ್ದ. ಕೈಯಲ್ಲಿ ಗ್ರೀಸ್ ಇದ್ದರೂ ತಟ್ಟುತ್ತಿದ್ದ. ವಯಸ್ಸು ಮೂವತ್ತೊಂಬತ್ತಾದರೂ ಅವನ ಅಂಗಿಗಳ ಬೆನ್ನಿನ ಮೇಲೆಲ್ಲ ಆ ಐದು ಬೆರಳಿನ ಕಲೆ ಒಗೆದರೂ ಹೋಗದೆ ಉಳಿದಿತ್ತು.

ಆ ವರ್ಷ ಅಣ್ಣನಿಗೆ ವಾಚಿನ ಹುಚ್ಚು ಹಿಡಿಯಿತು. ಸ್ವಿಸ್ ಆಗಿರಬೇಕು, ಆಟೋಮ್ಯಾಟಿಕ್ ಆಗಿರಬೇಕು, ಆದರೂ ನಮ್ಮಂಥವರ ಕೈಗೆಟುಕಬೇಕು. ಆರು ತಿಂಗಳು ಊಟದ ಡಬ್ಬಿ ಬಿಚ್ಚಿದರೆ ಇದೇ ಮಾತು.

"ಬ್ಯಾಟರಿನೇ ಇಲ್ಲ ಕಣೋ. ಒಳಗೊಂದು ಅರ್ಧಚಂದ್ರದಂಥ ತೂಕ ಇರುತ್ತೆ. ಕೈ ಅಲ್ಲಾಡಿದಂಗೆಲ್ಲ ಅದು ತಿರುಗಿ ತಾನೇ ಕೀ ಕೊಟ್ಕೊಳ್ಳುತ್ತೆ. ದುಡಿಯೋ ಕೈಗೆ ಹೇಳಿ ಮಾಡಿಸಿದ್ದು."

ಒಂದು ವಾಚು ಬಿಚ್ಚಿಟ್ಟರೆ ಮೂವತ್ತೆಂಟು ಗಂಟೆಗೆ ನಿಂತುಹೋಗುತ್ತದೆ, ಇನ್ನೊಂದು ಎಂಬತ್ತು ಗಂಟೆ ಓಡುತ್ತದೆ. ಗಾಜು ಗೀರು ಬೀಳದ್ದೇ ಬೇಕು, ಆದರೆ ಹಿಂಬದಿಗೂ ಗಾಜು ಹಾಕಿ ಯಂತ್ರ ತೋರಿಸುವುದು ಬರೀ ಶೋಕಿ. ಮೋಟರಿನ ಪಕ್ಕ ದಿನವೆಲ್ಲ ಇರುವವರಿಗೆ ಅಯಸ್ಕಾಂತಕ್ಕೆ ಜಗ್ಗದ ಸ್ಪ್ರಿಂಗ್ ಮುಖ್ಯ, ಇಲ್ಲದಿದ್ದರೆ ವಾಚು ತಲೆಕೆಟ್ಟ ಹಾಗೆ ಮುಂದೆ ಓಡುತ್ತದೆ. ಅಣ್ಣ ಅಂಗಡಿಗಳಿಂದ ತಂದ ಚಿತ್ರದ ಹಾಳೆಗಳನ್ನು ಅನ್ನದ ಪಕ್ಕ ಹರಡಿ ಕೂರುತ್ತಿದ್ದ.

"ನಿಂಗೆ ಯಾವ್ದು ಚೆನ್ನಾಗ್ ಕಾಣುತ್ತೆ, ಹೇಳು."

"ಕಟ್ಕೊಳ್ಳೋನು ನೀನು. ನನ್ನನ್ನ ಯಾಕೆ ಕೇಳ್ತೀಯ?"

"ಸುಮ್ನೆ ಹೇಳೋ."

ಅವನು ಸರಿಯಾಗಿ ನೋಡದೆ ಒಂದರ ಮೇಲೆ ಬೆರಳಿಟ್ಟು ಕೈ ತೊಳೆಯಲು ಎದ್ದ. ಹತ್ತೊಂಬತ್ತು ವರ್ಷದಲ್ಲಿ ಅಣ್ಣ ಅವನ ಅಭಿಪ್ರಾಯ ಕೇಳಿದ್ದು ಇದೊಂದೇ ವಿಷಯಕ್ಕೆ, ಅದೂ ತನ್ನ ಕೈಗೆ ಕಟ್ಟಿಕೊಳ್ಳುವ ಸೊಬಗಿಗೆ. ನಲ್ಲಿಯ ಕೆಳಗೆ ಕೈಯೊಡ್ಡಿ ನಿಂತಿದ್ದಾಗ, ಎಷ್ಟೋ ದಿನದಿಂದ ಒಳಗೆ ಸುಳಿದಾಡುತ್ತಿದ್ದ ಯೋಚನೆಗೆ ಅವನು ಮೊದಲ ಸಲ ಕೂರಲು ಜಾಗ ಕೊಟ್ಟ.

ಅಣ್ಣ ವಾಚು ಆರಿಸುತ್ತಿದ್ದಂತೆ ಅವನು ಕಟ್ಟಡ ಆರಿಸಿದ. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಏಳು ಮಹಡಿಯ ಹಳೆಯ ಕಚೇರಿ ಕಟ್ಟಡವೊಂದಿತ್ತು. ಅರ್ಧ ಖಾಲಿ, ಉಳಿದರ್ಧಕ್ಕೆ ಬಣ್ಣ ಬಳಿಯುತ್ತಿದ್ದರು. ಹಿಂಬಾಗಿಲಿಗೆ ಕಾವಲಿಲ್ಲ, ಕ್ಯಾಮೆರಾ ಇಲ್ಲ. ತಿಂಗಳಿಗೊಮ್ಮೆ, ಬುಧವಾರ, ಅಣ್ಣ ಅಲ್ಲಿನ ಲಿಫ್ಟಿನ ತಳದ ಗುಂಡಿಗೆ ಇಳಿದು ಸೋರಿದ ಎಣ್ಣೆ ಒರೆಸುತ್ತಿದ್ದ. ಇಳಿಯುವ ಮೊದಲು ಗೋಡೆಯ ಕೆಂಪು ಸ್ವಿಚ್ಚು ಒತ್ತಿದರೆ ಲಿಫ್ಟ್ ಇದ್ದಲ್ಲೇ ಇರುತ್ತದೆ. ಆ ಸ್ವಿಚ್ಚಿನ ತಂತಿಗೆ ತುಕ್ಕು ಹಿಡಿದಿತ್ತು. ಬದಲಿಸಿ ಎಂದು ಅಣ್ಣನೇ ಕಟ್ಟಡದವರಿಗೆ ಎರಡು ಸಲ ಪತ್ರ ಬರೆದಿದ್ದ. ಅದು ಯಾವ ದಿನ ಕೈಕೊಟ್ಟರೂ ಯಾರೂ ಹುಬ್ಬೇರಿಸುವಂತಿರಲಿಲ್ಲ.

ಅದೇ ಬುಧವಾರಗಳಲ್ಲಿ ಅವನಿಗೆ ಆಸ್ಪತ್ರೆಯ ಎರಡು ಲಿಫ್ಟುಗಳ ಕೆಲಸ. ಹತ್ತಕ್ಕೆ ಬಾಗಿಲಲ್ಲಿ ಪುಸ್ತಕಕ್ಕೆ ಸಹಿ, ಹನ್ನೆರಡಕ್ಕೆ ಮತ್ತೊಂದು ಸಹಿ. ನಡುವೆ ತಾರಸಿಯ ಮೋಟರ್ ಕೋಣೆಗೆ ಯಾರೂ ಬರುವುದಿಲ್ಲ. ಫೋನನ್ನು ಅಲ್ಲೇ ಬಿಟ್ಟು, ಬಟ್ಟೆ ಒಗೆಯುವ ಕಟ್ಟೆಯ ಪಕ್ಕದ ಮೆಟ್ಟಿಲಿಳಿದು ಓಣಿ ದಾಟಿದರೆ ನಾಲ್ಕು ನಿಮಿಷ. ಅವನು ಅಂಥ ಮೂರು ಬುಧವಾರ ನಡೆದು ನೋಡಿದ. ಒಮ್ಮೆಯೂ ಐದು ನಿಮಿಷ ಆಗಲಿಲ್ಲ. ಓಣಿಯಲ್ಲಿ ಎದುರಾಗುತ್ತಿದ್ದದ್ದು ಒಂದು ಕುಂಟು ನಾಯಿ ಮಾತ್ರ.

ನಾಲ್ಕನೆಯ ಬುಧವಾರ ಅವನು ಹತ್ತೂಕಾಲಿಗೇ ಆ ಕಟ್ಟಡದಲ್ಲಿದ್ದ. ಕೆಂಪು ಸ್ವಿಚ್ಚು ಒತ್ತಿದರೂ ಲಿಫ್ಟ್ ನಿಲ್ಲದಂತೆ ತಂತಿಯ ಕೆಲಸ ಮುಗಿಸಿ ಮೆಟ್ಟಿಲ ಕೆಳಗೆ ಕಾದ. ಗಡಿಯಾರಕ್ಕೆ ಸರಿಯಾಗಿ ಹತ್ತೂವರೆಗೆ ಬರಬೇಕಾಗಿದ್ದ ಅಣ್ಣ ಬರಲಿಲ್ಲ. ಹತ್ತೂಮುಕ್ಕಾಲಾಯಿತು, ಹನ್ನೊಂದಾಯಿತು. ಹನ್ನೊಂದೂ ಹತ್ತಕ್ಕೆ ಅಣ್ಣ ಏದುಸಿರು ಬಿಡುತ್ತ ಒಳಗೆ ಬಂದ.

"ನೀನೇನೋ ಇಲ್ಲಿ?"

"ಅಲ್ಲಿ ಬೇಗ ಮುಗೀತು. ಮೇಲ್ಗಡೆ ಮೋಟರ್ ನೋಡ್ತೀನಿ, ನೀನು ಕೆಳಗಿಂದು ನೋಡ್ಕೊ."

"ಒಳ್ಳೇದೇ ಆಯ್ತು ಬಿಡು. ಬ್ಯಾಗ್ ಇಲ್ಲೇ ಇಟ್ಟು ಹೋಗು. ಏಳು ಮಹಡಿ ಹೊತ್ಕೊಂಡ್ ಯಾಕೆ ಹತ್ತುತ್ತೀಯ, ನಾನಿದ್ದೀನಲ್ಲ ನೋಡ್ಕೊಳ್ಳೋಕೆ."

ಅವನು ಉಪಕರಣ, ಊಟದ ಡಬ್ಬಿ ಇದ್ದ ಬ್ಯಾಗನ್ನು ನೆಲಕ್ಕೆ ಕುಕ್ಕಿ, ಒಂದು ಸ್ಕ್ರೂಡ್ರೈವರ್ ಮಾತ್ರ ಹಿಡಿದು ಮೆಟ್ಟಿಲು ಹತ್ತಿದ.

"ನಿಧಾನ ಹತ್ತೋ," ಎಂದು ಕೆಳಗಿನಿಂದ ಅಣ್ಣ ಕೂಗಿದ. "ಆಮೇಲೆ ಒಟ್ಟಿಗೆ ಊಟಕ್ಕೆ ಕೂರೋಣ."

ಏಳನೆಯ ಮಹಡಿ ತಲುಪಿ ಅವನು ಬಾಗಿಲನ್ನು ಒಳಗಿನಿಂದ ಮುಚ್ಚಿಕೊಂಡ. ಮೋಟರ್ ಕೋಣೆಯ ನೆಲದ ಕಿಂಡಿಯಲ್ಲಿ ಕಿವಿಯಿಟ್ಟು ಕೇಳಿದ. ಕೆಳಗೆ ಸ್ವಿಚ್ಚು ಒತ್ತಿದ ಸಣ್ಣ ಸದ್ದು, ಬೂಟು ಏಣಿಗೆ ತಾಗಿದ ಸದ್ದು, ಆಮೇಲೆ ಅಣ್ಣ ಏನನ್ನೋ ಗುನುಗುವ ಸದ್ದು. ನಾಲ್ಕನೆಯ ಮಹಡಿಯಲ್ಲಿ ನಿಂತಿದ್ದ ಲಿಫ್ಟನ್ನು ಅವನು ಕೆಳಕ್ಕೆ ಕಳಿಸಿದ. ಹದಿನೆಂಟು ಸೆಕೆಂಡು ಹಿಡಿಯಿತು. ಗುನುಗು ಹದಿನೈದರ ತನಕ ಇತ್ತು.

ಇಳಿದು ಬಂದವನು ಗುಂಡಿಯ ಕಡೆ ತಿರುಗಿ ನೋಡಲಿಲ್ಲ. ತಂತಿಯನ್ನು ತಾನಾಗಿ ತುಂಡಾದಂತೆ ಬಿಟ್ಟು, ಬ್ಯಾಗನ್ನು ಹೆಗಲಿಗೇರಿಸಿ ಓಣಿ ದಾಟಿದ. ಹನ್ನೆರಡಕ್ಕೆ ಆಸ್ಪತ್ರೆಯ ಪುಸ್ತಕಕ್ಕೆ ಸಹಿ ಹಾಕುವಾಗ ಅವನ ಕೈಬರಹ ಎಂದಿನಂತೆಯೇ ಇತ್ತು. ಬಣ್ಣದವನೊಬ್ಬ ನೋಡಿ ಸುದ್ದಿ ಮುಟ್ಟಿಸಿದಾಗ ಒಂದೂವರೆ. ಮುಂದಿನದೆಲ್ಲ ಅವನು ಎಣಿಸಿದಂತೆಯೇ ನಡೆಯಿತು. ಹಳೆಯ ತಂತಿ, ಎರಡು ಪತ್ರ, ಕಟ್ಟಡದವರ ನಿರ್ಲಕ್ಷ್ಯ. ಊರೆಲ್ಲ ಅದನ್ನೇ ಮಾತಾಡಿತು.

ಎಣಿಕೆಗೆ ಸಿಗದೆ ಹೋದದ್ದು ಒಂದೇ. ಎದೆ ಹಗುರಾಗುತ್ತದೆ ಎಂದು ಅವನು ನಂಬಿದ್ದ, ಆಗಲಿಲ್ಲ. ಕೆಲಸದವರು ಸಂತಾಪ ಹೇಳಲು ಬಂದಾಗ ಅವರ ಕಣ್ಣು ಅವನ ಮುಖದ ಮೇಲೆ ನಿಲ್ಲದೆ ಅವನಿಗಿಂತ ಎರಡು ಹೆಜ್ಜೆ ಮುಂದಿನ ಖಾಲಿ ಜಾಗವನ್ನು ಹುಡುಕುತ್ತಿತ್ತು. ಅವನು ಮಾತಿಗೆ ಬಾಯಿ ತೆರೆದರೆ ಅವರು ಕಾಯುತ್ತಿದ್ದರು, ಇನ್ನೊಬ್ಬರು ಬಂದು ಮಾತು ಮುಗಿಸುತ್ತಾರೆ ಎಂಬಂತೆ. ಅವನೂ ಕಾಯುತ್ತಿದ್ದ. ಇನ್ನು ಮೂವತ್ತು ವರ್ಷ ಹೀಗೆಯೇ ಕಾಯಬೇಕೇನೋ ಅನ್ನಿಸಿ ಅವನಿಗೆ ಊಟ ಸೇರಲಿಲ್ಲ. ಅತ್ತಿಗೆ ಅಳುತ್ತಿರಲಿಲ್ಲ. ಮನೆಯಲ್ಲಿ ಒರೆಸಿದ್ದನ್ನೇ ಒರೆಸುತ್ತ, ತೊಳೆದದ್ದನ್ನೇ ತೊಳೆಯುತ್ತ ಓಡಾಡುತ್ತಿದ್ದರು.

ಶುಕ್ರವಾರ ಬೆಳಿಗ್ಗೆ ಇನ್ಸ್‌ಪೆಕ್ಟರ್ ಮೇಡಂ ಮನೆಗೆ ಬಂದರು. ನಡುವಯಸ್ಸಿನ ಹೆಂಗಸು, ನೆಗಡಿಯಾಗಿತ್ತು. ಫೈಲು ಮುಚ್ಚಲು ಒಂದು ಹೇಳಿಕೆ ಬೇಕಿತ್ತು, ಅಷ್ಟೇ.

"ನಿಮ್ಮಣ್ಣನ್ನ ಕೊನೇದಾಗಿ ನೋಡಿದ್ದು?"

"ಬುಧವಾರ ಬೆಳಿಗ್ಗೆ ಎಂಟಕ್ಕೆ, ಮನೇಲಿ. ಅವನು ಆ ಕಡೆ ಹೋದ, ನಾನು ಆಸ್ಪತ್ರೆ ಕಡೆ ಹೋದೆ."

"ಆಮೇಲೆ ಸಿಗ್ಲಿಲ್ಲ?"

"ಇಲ್ಲ ಮೇಡಂ. ಸಿಕ್ಕಿದ್ದು ಆ ಸ್ಥಿತೀಲಿ."

ಅವರು ಅದನ್ನೇ ಬರೆದು ಓದಿ ಹೇಳಿದರು. ಅವನು ಸಹಿ ಹಾಕಿದ. ಅವರು ಮೂಗೊರೆಸಿಕೊಂಡು ಒಂದು ಸಣ್ಣ ಚೀಟಿ ತೆಗೆದರು.

"ಇನ್ನೊಂದೇ ವಿಷಯ. ಅವರ ಜೇಬಲ್ಲಿ ವಾಚಿನ ಅಂಗಡಿ ಬಿಲ್ ಇತ್ತು. ಸ್ವಿಸ್ ವಾಚು, ಬುಧವಾರ ಬೆಳಿಗ್ಗೆ ಹತ್ತೂ ನಲವತ್ತಾರಕ್ಕೆ ತಗೊಂಡಿದ್ದಾರೆ. ಅಲ್ಲಿಂದ ನೇರ ಕೆಲಸಕ್ಕೆ ಹೋಗಿರ್ಬೇಕು. ಆದ್ರೆ ವಾಚು ಕೈಯಲ್ಲೂ ಇಲ್ಲ, ಜೇಬಲ್ಲೂ ಇಲ್ಲ."

ಅಣ್ಣ ಕೊನೆಗೂ ಕೊಂಡನೇ ಎಂದು ಅವನಿಗೆ ಒಂದು ಕ್ಷಣ ಆಶ್ಚರ್ಯವಾಯಿತು. ಮರುಕ್ಷಣವೇ ಬುದ್ಧಿ ತನ್ನ ಕೆಲಸ ಮಾಡಿತು.

"ಮೊದಲು ನೋಡಿದ್ದು ಆ ಬಣ್ಣದವರೇ ಅಲ್ವಾ ಮೇಡಂ? ಸತ್ತವರ ಕೈಯಿಂದ್ಲೂ ಬಿಚ್ಕೊಳ್ಳೋ ಜನ ಇರ್ತಾರೆ."

"ನಂಗೂ ಹಂಗೇ ಅನ್ನಿಸ್ತು. ವಿಚಾರಿಸ್ತೀನಿ," ಎಂದು ಅವರು ಫೈಲಿನ ದಾರ ಕಟ್ಟತೊಡಗಿದರು.

ಅಷ್ಟರಲ್ಲಿ ಅಡುಗೆಮನೆಯ ನಲ್ಲಿಯ ಸದ್ದು ನಿಂತು, ಅತ್ತಿಗೆ ಹೊರಗೆ ಬಂದರು. ಬುಧವಾರದಿಂದ ಯಾರೂ ಮುಟ್ಟದೆ ಅವನ ಬ್ಯಾಗಿನಲ್ಲೇ ಹಳಸಿದ್ದ ಊಟದ ಡಬ್ಬಿಯನ್ನು ತೊಳೆಯಲು ತೆಗೆದಿದ್ದರು. ಒಂದು ಕೈಯಲ್ಲಿ ಆ ಡಬ್ಬಿ, ಇನ್ನೊಂದು ಕೈಯಲ್ಲಿ ಬಾಯಿ ತೆರೆದ ಪುಟ್ಟ ಪೆಟ್ಟಿಗೆ, ಅದರೊಳಗೆ ಹೊಸ ವಾಚು. ಚೈನಿನ ಮೂರು ಕೊಂಡಿ ತೆಗೆಸಿ ಅಣ್ಣನ ದಪ್ಪ ಮಣಿಕಟ್ಟಿಗೆ ಎಂದೂ ಸುತ್ತಲಾಗದಷ್ಟು ಚಿಕ್ಕದು ಮಾಡಿಸಲಾಗಿತ್ತು. ಎರಡು ದಿನದಲ್ಲಿ ಮೊದಲ ಸಲ ಅತ್ತಿಗೆಯ ಕಣ್ಣು ತುಂಬಿಕೊಂಡಿತ್ತು. "ಡಬ್ಬಿ ಪಕ್ಕದಲ್ಲೇ ಇತ್ತು ಕಣೋ. ನಿಂಗೆ ನಲವತ್ತು ತುಂಬುತ್ತೆ ಅಂತ ಆರು ತಿಂಗಳಿಂದ ತಲೆ ಕೆಡಿಸ್ಕೊಂಡಿದ್ರು, ಊಟಕ್ಕೆ ಕೂತಾಗ ಅವನೇ ನೋಡ್ಲಿ, ಕೈಗೆ ಕೊಟ್ರೆ ಬೇಡ ಅಂತಾನೆ ಅಂದಿದ್ರು. ಸದ್ಯ, ಹೋಗೋ ಮುಂಚೆ ನಿನ್ನ ಕೈ ಸೇರ್ತಲ್ಲ," ಎಂದು ಅವರು ಸೆರಗಿನಲ್ಲಿ ಗಾಜು ಒರೆಸುತ್ತ ಕೇಳಿದರು, "ಯಾವಾಗ ಸಿಕ್ಕಿದ್ರೋ ನಿಂಗೆ?" ಇನ್ಸ್‌ಪೆಕ್ಟರ್ ಮೇಡಂ ಕಟ್ಟಿದ್ದ ದಾರವನ್ನು ಬಿಚ್ಚಿ, ಅವನ ಸಹಿ ಇದ್ದ ಹಾಳೆಯನ್ನು ಮೇಲೆ ತೆಗೆದಿಟ್ಟುಕೊಂಡು, ಅವನ ಉತ್ತರಕ್ಕೆ ಕಾದರು.