ಎಡಗಡೆ ನಾನಿದೀನಿ

ಸೋರಿದ ಸೂರಿನಿಂದ ನೆನೆದಿದ್ದ ಹಳೆಯ ಕಡತಗಳನ್ನು ಠಾಣೆಯ ಅಂಗಳದ ಬಿಸಿಲಿಗೆ ಹರವಿ, ದಫೇದಾರಮ್ಮ ಒಂದೊಂದನ್ನೇ ಮಗುಚಿ ಹಾಕುತ್ತಿದ್ದರು. ಹೆಡ್ ಕಾನ್‌ಸ್ಟೇಬಲ್ ಆದ ದಿನದಿಂದ ಎಲ್ಲರ ಬಾಯಲ್ಲೂ ಅವರಿಗೆ ಅದೇ ಹೆಸರು. ಅಂಟಿಕೊಂಡ ಹಾಳೆಗಳನ್ನು ಉಫ್ ಎಂದು ಊದಿ ಬಿಡಿಸುತ್ತಿದ್ದಾಗ ಗೇಟಿನ ಬಳಿ ಕಬ್ಬಿಣ ಉಜ್ಜಿದ ಸದ್ದಾಯಿತು. ಹೆಂಗಸೊಬ್ಬಳು ಮುಂಚಕ್ರ ಸೊಟ್ಟಗಾದ ಸೈಕಲ್ಲೊಂದನ್ನು ಅರ್ಧ ಎತ್ತಿ, ಅರ್ಧ ಎಳೆದು ತರುತ್ತಿದ್ದಳು.

"ನಮ್ಮ ಅತ್ತಿಗೆಗೆ ಕಾರು ಗುದ್ದಿ ಹೋಗಿದೆ. ಕಂಪ್ಲೇಂಟ್ ಬರ್ಕೊಳ್ಳಿ."

"ಯಾವಾಗ?"

"ನಿನ್ನೆ ಸಂಜೆ ಐದೂವರೆ ಇರಬಹುದು. ಗಡಿಯಾರದ ಅಂಗಡಿ ತಿರುವಲ್ಲಿ."

"ನಿನ್ನೆಯದಕ್ಕೆ ಇವತ್ತು ಬಂದ್ರಾ?"

"ಅಣ್ಣ ಬೇಡ ಅಂದ. ಅವಳೇ ಅಡ್ಡ ಹೋಗಿರ್ತಾಳೆ, ಸ್ಟೇಷನ್ನಿಗೆ ಹೋಗಿ ಮರ್ಯಾದೆ ಕಳೀಬೇಡಿ ಅಂದ. ಬೆಳಿಗ್ಗೆ ನೋಡಿದ್ರೆ ಸೈಕಲ್ಲನ್ನ ಗುಜರಿಗೆ ಹಾಕೋಕೆ ಹೊರಟಿದ್ದ. ಕಿತ್ಕೊಂಡು ಬಂದೆ."

ಒಳಗಿನಿಂದ ಬಂದ ಇನ್‌ಸ್ಪೆಕ್ಟರ್ ಸೈಕಲ್ಲಿನ ಸುತ್ತ ಒಂದು ಸುತ್ತು ಹಾಕಿದರು. ಹ್ಯಾಂಡಲ್ಲಿನ ಬಲಗಡೆಯ ಹಿಡಿ ಹರಿದಿತ್ತು, ಅದರ ಮೇಲೆ ಬಿಳಿ ಬಣ್ಣದ ತರಚು ಇತ್ತು. ಹತ್ತು ಇಪ್ಪತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಅಪರಿಚಿತ ವಾಹನ, ಅಜಾಗರೂಕ ಚಾಲನೆ, ಗಾಯಗೊಳಿಸಿ ನಿಲ್ಲಿಸದೆ ಪರಾರಿ.

ಗಾಯಾಳು ಹೊಲಿಗೆಯವಳು. ಮನೆಮನೆಗೆ ಸೈಕಲ್ಲಿನಲ್ಲಿ ಹೋಗಿ ಅಳತೆ ತೆಗೆದು, ಹೊಲಿದ ಬಟ್ಟೆಯನ್ನು ತಾನೇ ಮುಟ್ಟಿಸಿ ಬರುವವಳು. ಆಸ್ಪತ್ರೆಯ ಮಂಚದ ಮೇಲೆ ಬಲಗೈಯನ್ನು ಮೊಣಕೈವರೆಗೆ ಕಟ್ಟಿಸಿಕೊಂಡು ಕೂತಿದ್ದಳು.

"ಕಾರಿನ ನಂಬರ್ ನೋಡಿದ್ರಾ?"

"ಬಿದ್ದವಳು ನೆಲ ನೋಡ್ತೀನಾ, ನಂಬರ್ ನೋಡ್ತೀನಾ ಸರ್? ಬಿಳಿ ಕಾರು. ಹಿಂದಿಂದ ಬಂತು, ನನ್ನ ಮುಂದೇನೇ ಎಡಕ್ಕೆ ತಿರುಗಿಬಿಡ್ತು."

"ನೀವೇನಾದ್ರೂ ಬಲಕ್ಕೆ ಸರಿದ್ರಾ?"

ಆಕೆ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. "ನೀವೂ ಅದನ್ನೇ ಕೇಳ್ತೀರಾ? ಮನೆಯವರು ಕೇಳಿದ್ರು, ನರ್ಸಮ್ಮ ಕೇಳಿದ್ರು, ಪಕ್ಕದ ಮಂಚದ ಅಜ್ಜಿಯೂ ಕೇಳಿದ್ರು. ಗೆರೆ ಹೊಡೆದ ಹಾಗೆ ನೇರ ಬರ್ತಿದ್ದೆ ಸರ್. ಕೈ ಹೇಗೋ ಕೂಡುತ್ತೆ. ಇನ್ಮೇಲೆ ಸೈಕಲ್ ಮುಟ್ಟಬೇಡ ಅಂದಿದ್ದಾರೆ. ಅದಿಲ್ದೆ ಯಾರ ಮನೆಗೆ ಹೋಗಿ ಅಳತೆ ತಗೊಳ್ಳಲಿ? ಇವಳು ನೇರ ಬರ್ತಿದ್ಳು ಅಂತ ಒಬ್ಬರಾದ್ರೂ ಹೇಳಲಿ, ಸಾಕು."

ಇನ್‌ಸ್ಪೆಕ್ಟರ್ ಕೇಳಬೇಕಾದ್ದನ್ನೇ ಕೇಳಿದ್ದರು, ಆದರೂ ಕೇಳಬಾರದ್ದನ್ನು ಕೇಳಿದವರ ಹಾಗೆ ಪೆನ್ನಿನ ಮುಚ್ಚಳವನ್ನು ತಿರುಗಿಸುತ್ತ ನಿಂತರು.

ಮಧ್ಯಾಹ್ನ ಸ್ಥಳ ಪಂಚನಾಮೆ. ಪಂಚರಾಗಿ ಗಡಿಯಾರದ ಅಂಗಡಿಯವರೂ ಮೂಲೆಯಲ್ಲಿ ಬೀಗ ರಿಪೇರಿ ಮಾಡುವವನೂ ನಿಂತರು. ಚರಂಡಿಯ ಅಂಚಿನಲ್ಲಿ ಕಾರಿನ ಎಡಗಡೆಯ ಕನ್ನಡಿ ಸಿಕ್ಕಿತು. ಬುಡ ಮುರಿದಿತ್ತು, ಗಾಜು ಮಾತ್ರ ಸಣ್ಣ ಬಿರುಕಿನೊಂದಿಗೆ ಚಿಪ್ಪಿನೊಳಗೇ ಉಳಿದಿತ್ತು.

"ಕಾರು ಜೋರಾಗಿ ಬಂತಾ?" ಇನ್‌ಸ್ಪೆಕ್ಟರ್ ಬೀಗದವನನ್ನು ಕೇಳಿದರು.

"ಇಲ್ಲ ಸರ್, ಅದೇ ತಮಾಷೆ. ಇಂಡಿಕೇಟರ್ ಹಾಕಿ, ಮೆತ್ತಗೆ, ಪರೀಕ್ಷೆಗೆ ಕೂತವರ ಹಾಗೆ ತಿರುಗಿಸಿದ್ರು. ಕುಡಿದವರಲ್ಲ."

"ಮತ್ತೆ ಯಾಕೆ ಗುದ್ದಿದ್ರು?"

"ಎಡಗಡೆ ಲೋಕಾನೇ ಇಲ್ಲ ಅನ್ನೋ ಹಾಗಿತ್ತು ಸರ್."

ಮಾರನೆಯ ಬೆಳಿಗ್ಗೆ ಕನ್ನಡಿಯನ್ನು ಗ್ಯಾರೇಜಿಗೆ ಒಯ್ದರು. ಅದೇ ಮಾದರಿಯ ಕಾರೊಂದು ಅಲ್ಲಿ ರಿಪೇರಿಗೆ ನಿಂತಿತ್ತು. ಗ್ಯಾರೇಜಿನವನು ಕನ್ನಡಿಯ ಗಾಜನ್ನು ಬೆರಳಿನಿಂದ ಒತ್ತಿದ, ಅದು ಅಲುಗಲಿಲ್ಲ.

"ಯಾವನೋ ಅಂಟು ಸುರಿದು ಕೂರಿಸಿದ್ದಾನೆ ಸರ್. ಇದನ್ನ ಬ್ರಹ್ಮ ಬಂದ್ರೂ ತಿರುಗಿಸೋಕಾಗಲ್ಲ."

ಅದನ್ನು ಆ ಕಾರಿನ ಎಡ ಬಾಗಿಲಿಗೆ ತಾತ್ಕಾಲಿಕವಾಗಿ ಕಟ್ಟಿಸಿ, ಇನ್‌ಸ್ಪೆಕ್ಟರ್ ಚಾಲಕನ ಸೀಟಿನಲ್ಲಿ ಕೂತರು. ಕನ್ನಡಿಯಲ್ಲಿ ಗ್ಯಾರೇಜಿನ ಗೋಡೆ, ಗೋಡೆಗೆ ತೂಗುಹಾಕಿದ್ದ ಟಯರುಗಳು ಕಂಡವು. ಕಾರಿನ ಹಿಂದಿನ ದಾರಿ ಒಂದಿಷ್ಟೂ ಕಾಣಲಿಲ್ಲ. ಕತ್ತು ಚಾಚಿದರು, ಸೊಂಟ ಬಗ್ಗಿಸಿದರು. ಮತ್ತೆ ಅದೇ ಟಯರು.

"ಎಡಮಗ್ಗುಲಿಗೆ ಆನೆ ಬಂದ್ರೂ ಗೊತ್ತಾಗಲ್ಲ. ಇದನ್ನ ಇಟ್ಕೊಂಡು ಹೇಗೆ ಓಡಿಸಿದ್ರೋ!"

ಬಿಸಿಲು ತಾಳದೆ ದಫೇದಾರಮ್ಮ ಪಕ್ಕದ ಸೀಟಿನಲ್ಲಿ ಬಂದು ಕೂತಿದ್ದರು. "ನಂಗೆ ಎಲ್ಲಾ ಕಾಣ್ತಿದೆಯಲ್ಲ ಸರ್," ಎಂದರು. "ಗೇಟು, ನಮ್ಮ ಜೀಪು, ಬಾಲ ಅಲ್ಲಾಡಿಸ್ತಿರೋ ನಾಯಿ..."

"ಏನಾಯ್ತು?"

ದಫೇದಾರಮ್ಮ ಸೆರಗಿಲ್ಲದ ಖಾಕಿ ಅಂಗಿಯ ಅಂಚನ್ನೇ ಎಳೆದುಕೊಂಡರು. "ಇದು ಇಲ್ಲಿ ಕೂತವರಿಗೆ ಅಂಟಿಸಿದ ಕನ್ನಡಿ ಸರ್. ಇಲ್ಲಿ ಕೂತು ಕಾರು ಓಡಿಸೋರು ಒಬ್ಬರೇ. ಕ್ಲಚ್ ಮೇಷ್ಟ್ರು."

ಊರಿನಲ್ಲಿ ಕಾರು ಕಲಿತವರಲ್ಲಿ ಅರ್ಧದಷ್ಟು ಜನ ಅವರ ಶಿಷ್ಯರು. ಪಾಠದುದ್ದಕ್ಕೂ "ಕ್ಲಚ್! ಕ್ಲಚ್!" ಎಂದು ಕೂಗುತ್ತಿದ್ದುದರಿಂದ ಆ ಹೆಸರು ಬಿದ್ದಿತ್ತು.

"ನಾನೂ ಅವರ ಹತ್ತಿರಾನೇ ಕಲಿತದ್ದು. ಕತ್ತು ಎಡಗಡೆ ಹೊರಳಿದ್ರೆ ತಲೆಗೆ ಮೊಟಕೋರು. 'ನೀನು ಮುಂದೆ ನೋಡಮ್ಮಾ, ಎಡಗಡೆ ನಾನಿದೀನಿ' ಅನ್ನೋರು. ಲೈಸೆನ್ಸ್ ಬಂದ್ಮೇಲೆ ಅವರು ಪಕ್ಕದಲ್ಲಿ ಇರಲಿಲ್ಲ, ಅಭ್ಯಾಸ ಮಾತ್ರ ಹಾಗೇ ಉಳೀತು."

ಗ್ಯಾರೇಜಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಅದಕ್ಕೇನಾ! ನನ್ನ ಹತ್ತಿರ ಬರೋ ಕಾರೆಲ್ಲ ಎಡಮಗ್ಗುಲೇ ತರಚಿಕೊಂಡು ಬರ್ತಾವೆ. ರಸ್ತೆ ಕಿರಿದು ಅಂದ್ಕೊಂಡಿದ್ದೆ. ಮೇಷ್ಟ್ರಿಂದ ನಮ್ಮ ಮನೆ ಒಲೆ ಉರೀತಿದೆ ಅನ್ನಿ."

ಇನ್‌ಸ್ಪೆಕ್ಟರ್ ತಲೆಯೆತ್ತಿ ಠಾಣೆಯ ಜೀಪನ್ನು ನೋಡಿದರು. ಅದರ ಎಡಮಗ್ಗುಲು ಬೆಕ್ಕು ಪರಚಿದ ಹಾಗಿತ್ತು. ಓಡಿಸುತ್ತಿದ್ದವರು ದಫೇದಾರಮ್ಮ.

"ಅದನ್ನ ನೋಡಬೇಡಿ ಸರ್," ಎಂದರು ದಫೇದಾರಮ್ಮ. ವಾಪಸಾಗುವಾಗ ಅವರು ಪ್ರತಿ ತಿರುವಿನಲ್ಲೂ ಜೀಪು ನಿಲ್ಲಿಸಿ, ಕತ್ತನ್ನು ಪೂರ್ತಿ ಎಡಕ್ಕೆ ಹೊರಳಿಸಿ ನೋಡಿಯೇ ಮುಂದೆ ಹೋದರು. ಹಿಂದಿನವರು ಹಾರ್ನ್ ಹೊಡೆದರು. ಹೊಡೆಯಲಿ.

ಮೇಷ್ಟ್ರ ಮನೆಯ ಮುಂದೆ ಕಾರಿಗೆ ಹೊದಿಕೆ ಹಾಕಿತ್ತು. ಬಾಗಿಲು ತೆರೆದದ್ದು ಅವರ ಹೆಂಡತಿ.

"ಬೆನ್ನು ನೋವು ಅಂತ ಮಲಗಿದ್ದಾರಪ್ಪ. ಪಾಠಾನೂ ನಿಲ್ಲಿಸಿದ್ದಾರೆ. ಊಟದ ಮುಂದೆ ಕೂತು ಎದ್ದು ಹೋಗ್ತಾರೆ."

ಹೊದಿಕೆ ಸರಿಸಿದರು. ಎಡ ಬಾಗಿಲಿನಲ್ಲಿ ಕನ್ನಡಿಯ ಮೋಟು ಬುಡ. ಪಂಚರ ಎದುರು ಚರಂಡಿಯ ಕನ್ನಡಿಯನ್ನು ಹಿಡಿದಾಗ ಮುರಿದ ಅಂಚಿಗೆ ಅಂಚು ಕೂಡಿತು. ಅಷ್ಟರಲ್ಲಿ ಮೇಷ್ಟ್ರೇ ಹೊರಗೆ ಬಂದರು. ದಫೇದಾರಮ್ಮನನ್ನು ಕಂಡು ಕಣ್ಣು ಕೆಳಗಾಯಿತು.

"ನೀನೇ ಬಂದೆಯೇನಮ್ಮಾ."

"ನಾನೇ ಬಂದೆ ಮೇಷ್ಟ್ರೇ."

ಇನ್‌ಸ್ಪೆಕ್ಟರ್ ಕೇಳಿದರು: "ಈ ಕನ್ನಡಿ ಅಂಟಿಸಿದ್ದು ಯಾರು?"

"ನಾನೇ. ಕಲಿಯೋರು ಎಡಕ್ಕೆ ನೋಡಿದ್ರೆ ಸ್ಟೀರಿಂಗೂ ಎಡಕ್ಕೇ ಎಳೀತಿದ್ರು. ಒಂದೆರಡು ಸಲ ಜೀವ ಬಾಯಿಗೆ ಬಂದಿತ್ತು. ಅದಕ್ಕೆ ಎಡಗಡೆ ನಾನೇ ನೋಡ್ಕೋತೀನಿ ಅಂತ ನನ್ನ ಸೀಟಿಗೆ ತಿರುಗಿಸಿ ಅಂಟಿಸಿದೆ."

"ಆ ದಿನ ಜೊತೆಗೆ ಯಾರಿದ್ರು?"

"ಯಾರೂ ಇಲ್ಲ. ಪಾಠ ಮುಗಿಸಿ, ಎಲ್ ಬೋರ್ಡ್ ತೆಗೆದಿಟ್ಟು ಪೆಟ್ರೋಲಿಗೆ ಹೊರಟಿದ್ದೆ. ಬಲಗಡೆ ನಾನು ಕೂತಿದ್ದೆ. ಎಡಗಡೆ... ಎಡಗಡೆ ಯಾರೂ ಇರಲಿಲ್ಲ ಸರ್."

"ಯಾಕೆ ನಿಲ್ಲಿಸಲಿಲ್ಲ?"

"ಕಾಲು ಬ್ರೇಕಿನ ಮೇಲೇ ಇತ್ತು. ಕಾರಿನ ಒಳಗಿನ ಕನ್ನಡಿಯಲ್ಲಿ ನೋಡಿದೆ. ಆಯಮ್ಮ ರಸ್ತೆ ಅಂಚಲ್ಲೇ ಬಿದ್ದಿದ್ರು. ಎತ್ತೋಕೆ ಓಡಿ ಬಂದವರಲ್ಲಿ ಇಬ್ಬರು ನನ್ನ ಶಿಷ್ಯರು. 'ಅಯ್ಯೋ, ನಮ್ಮ ಮೇಷ್ಟ್ರು' ಅಂತ ಅವರ ಬಾಯಲ್ಲಿ ಬರೋ ಮೊದಲೇ ಹೋಗ್ಬಿಡೋಣ ಅನ್ನಿಸಿತು."

"ಆಮೇಲೆ?"

"ಮಾರನೇ ದಿನ ಕ್ಷೌರದ ಅಂಗಡೀಲಿ ಕೂತಿದ್ದೆ. ಆಯಮ್ಮನೇ ಅಡ್ಡ ಬಂದದ್ದು ಅಂತ ಯಾರೋ ಅಂದ್ರು. ನನ್ನನ್ನೂ ಕೇಳಿದ್ರು, ನೀವೇನಂತೀರಿ ಮೇಷ್ಟ್ರೇ, ನಿಮಗೆ ಗೊತ್ತಲ್ಲ ಅಂತ." ಅವರ ದನಿ ಇಳಿಯಿತು. "ಹೌದೌದು, ಸೈಕಲ್ಲಿನವರು ಹಾಗೇನೇ ಅಂದೆ."

ಹೆಂಡತಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ಗಂಡನ ಮುಖವನ್ನು ನೋಡಲಾರದೆ ಅಂಗಳದ ಚಪ್ಪಲಿಗಳನ್ನು ನೋಡಿದರು.

ದಸ್ತಗಿರಿಯ ಪತ್ರಕ್ಕೆ ಮೇಷ್ಟ್ರು ಸಹಿ ಹಾಕಿದ್ದು ಸಂಜೆ ನಾಲ್ಕೂ ಹತ್ತಕ್ಕೆ. ಜಾಮೀನು ಸಿಗುವ ಅಪರಾಧವೇ. ಜಾಮೀನಿಗೆ ನಿಲ್ಲಲು ಶಿಷ್ಯರು ಯಾರಾದರೂ ಬರುತ್ತಾರೆ, ಫೋನು ಮಾಡಿ ಎಂದರೆ ಮೇಷ್ಟ್ರು ಫೋನನ್ನೇ ಮುಟ್ಟಲಿಲ್ಲ. ಕಾನೂನಿನ ಭಯ ಅವರಿಗೆ ಇದ್ದಂತಿರಲಿಲ್ಲ. ಇಡೀ ಊರಿಗೇ ದಾರಿ ಕಲಿಸಿದವನು ಎಂಬ ಹೆಸರು ಹೋಗುತ್ತದೆಂದು ಓಡಿದ್ದರು. ಅದನ್ನು ಉಳಿಸಿಕೊಳ್ಳಲು ಬಿದ್ದವಳ ಹೆಸರನ್ನು ಕೆಡಿಸಿದ್ದರು.

ಠಾಣೆಯಲ್ಲಿ ಜೇಬು ತಪಾಸಣೆ ಮಾಡಿದಾಗ ಒಂದು ಲಕೋಟೆ ಸಿಕ್ಕಿತು. ಅಂಚೆಚೀಟಿ ಹಚ್ಚಿತ್ತು, ಬೆವರಿಗೆ ಅಂಚು ಮೆತ್ತಗಾಗಿತ್ತು. ವಿಳಾಸದ ಜಾಗದಲ್ಲಿ 'ಹೊಲಿಗೆಯವರಿಗೆ' ಎಂದಷ್ಟೇ ಇತ್ತು.

"ಯಾವಾಗ ಬರೆದದ್ದು?"

"ಕ್ಷೌರದ ಅಂಗಡಿಯಿಂದ ಬಂದ ಮೇಲೆ. ಅಂಚೆ ಡಬ್ಬಿವರೆಗೆ ಹೋಗ್ತೀನಿ, ಬರ್ತೀನಿ."

"ವಿಳಾಸ ಗೊತ್ತಿರಲಿಲ್ವೋ, ಧೈರ್ಯ ಇರಲಿಲ್ವೋ?"

"ಧೈರ್ಯ."

ಇನ್‌ಸ್ಪೆಕ್ಟರ್ ಬಿಡಿಸಿ ಓದಿದರು. 'ಅಮ್ಮಾ, ನೀವು ನೇರವಾಗಿಯೇ ಬರುತ್ತಿದ್ದಿರಿ. ನೋಡದೆ ತಿರುಗಿಸಿದವನು ನಾನು. ನೀವೇ ಅಡ್ಡ ಬಂದಿರಿ ಎಂದು ಜನ ಅಂದಾಗ ಹೂಂ ಎಂದವನೂ ನಾನೇ.' ಕೆಳಗೆ ಪೂರ್ತಿ ಹೆಸರು, ಸಹಿ. ಕ್ಷಮಿಸಿ ಎಂಬ ಮಾತನ್ನು ಬರೆದು ಹೊಡೆದುಹಾಕಿದ್ದರು.

"ನಕಲು ತೆಗೆಸಿ ಕಡತಕ್ಕೆ ಹಾಕಿ," ಎಂದರು ಇನ್‌ಸ್ಪೆಕ್ಟರ್. "ಅಸಲು ಆಕೆಗೆ ಹೋಗಲಿ."

"ಅಸಲು ಎಲ್ಲಿ ಅಂತ ಮೇಲಿನವರು ಕೇಳಿದ್ರೆ ಸರ್?"

"ನಾನು ಹೇಳ್ಕೋತೀನಿ. ಮಂಚದ ಮೇಲಿದ್ದವಳನ್ನ ಅದೇ ಪ್ರಶ್ನೆ ನಾನೂ ಕೇಳಿದ್ದೆನಲ್ಲ."

ದಫೇದಾರಮ್ಮ ಲಕೋಟೆಯನ್ನು ಮತ್ತೆ ಅಂಟಿಸಿ, ನಾದಿನಿಯ ದೂರಿನಿಂದ ವಿಳಾಸವನ್ನು ದುಂಡಗೆ ಬರೆದು ಮೇಷ್ಟ್ರ ಕೈಗೆ ಕೊಟ್ಟರು. ಅಂಚೆ ಡಬ್ಬಿ ರಸ್ತೆಯ ಆಚೆ ಬದಿಗಿತ್ತು. ಇಬ್ಬರೂ ದಾಟಿದರು. ಬೈಕಿನಲ್ಲಿ ಹೋಗುತ್ತಿದ್ದವನೊಬ್ಬ, "ನಮಸ್ಕಾರ ಮೇಷ್ಟ್ರೇ, ಪೊಲೀಸರಿಗೂ ಪಾಠಾನಾ?" ಎಂದು ಕೂಗಿದ. ಮೇಷ್ಟ್ರು ಕೈಯೆತ್ತಲಿಲ್ಲ.

ಲಕೋಟೆ ಡಬ್ಬಿಯ ಬಾಯಲ್ಲಿ ಅರ್ಧ ಹೋಗಿ ನಿಂತಿತು.

"ಬಿಡಿ ಮೇಷ್ಟ್ರೇ," ಎಂದರು ದಫೇದಾರಮ್ಮ, ಮೆಲ್ಲಗೆ.

ಮೇಷ್ಟ್ರು ಬೆರಳು ಸಡಿಲಿಸಿದರು. ಅದು ತಳಕ್ಕೆ ಬಿದ್ದ ಸದ್ದು ಕೇಳುವವರೆಗೂ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ.